ಅಚ್ಚಿನಲ್ಲಿ ಕೂತ ಮುಖ

ಅಂಜೂರ ಕೊಳ್ಳಲು ನಿಂತಿದ್ದಾಗ ಯವನ ಸೈನಿಕನೊಬ್ಬ ನನ್ನ ಮಗಳು ಮುವತ್ತಿಯ ಕೆನ್ನೆಯ ಪಕ್ಕಕ್ಕೆ ಬೆಳ್ಳಿ ನಾಣ್ಯವೊಂದನ್ನು ಹಿಡಿದ. ಒಮ್ಮೆ ಅದನ್ನು ನೋಡಿದ, ಒಮ್ಮೆ ಅವಳನ್ನು. ಆಮೇಲೆ ಜೊತೆಯವನನ್ನು ಕರೆದ.

"ಬಾರೋ ಇಲ್ಲಿ. ನಮ್ಮ ಸಂಬಳದ ದೇವಿ ಅಂಜೂರಕ್ಕೆ ಚೌಕಾಸಿ ಮಾಡ್ತಿದಾಳೆ."

"ಹೌದಲ್ಲೋ. ನನ್ ಚೀಲದಲ್ಲಿ ಇಂಥೋರು ಹತ್ತು ಜನ ಇದಾರೆ. ಇವಳನ್ನೂ ಹಾಕ್ಕೊಳ್ಳಲಾ?"

ಮುವತ್ತಿ ನಕ್ಕುಬಿಟ್ಟಳು. ಅವಳಿಗೆ ಹದಿನಾರು. ನಾನು ಹಣ್ಣನ್ನು ಅಲ್ಲೇ ಬಿಟ್ಟು ಅವಳ ಮೊಣಕೈ ಹಿಡಿದು ನಡೆದೆ. ಅವರು ಹಿಂದೆ ಬರಲಿಲ್ಲ. ಬಂದಿದ್ದರೆ ತಡೆಯುವವರು ನಮ್ಮ ತರ್ಸ ಪಟ್ಟಣದಲ್ಲಿ ಯಾರೂ ಇಲ್ಲ. ಈಜಿಪ್ಟಿನ ಮೇಲೆ ದಂಡೆತ್ತಿ ಹೋಗಲು ನಮ್ಮನ್ನಾಳುವ ಪಾರಸಿಕ ಕ್ಷತ್ರಪ ಅವರನ್ನು ಕೂಲಿಗೆ ತಂದಿದ್ದಾನೆ. ಹಡಗುಗಳು ಸಿದ್ಧವಾಗುವವರೆಗೆ ಊರು ಅವರದೇ.

ನನ್ನ ಗಂಡ ಪಿಹಾಸ್ ಟಂಕಸಾಲೆಗೆ ನಾಣ್ಯದ ಅಚ್ಚು ಕೆತ್ತುವವನು. ಇಪ್ಪತ್ತು ವರ್ಷ ಅವನು ನಮ್ಮೂರ ಒಡೆಯ ಬಾಲ್ ದೇವರನ್ನೇ ಕೆತ್ತಿದ್ದ: ಪೀಠದ ಮೇಲೆ ಕೂತು, ಕೈಯಲ್ಲಿ ದ್ರಾಕ್ಷಿಗೊನೆ ಮತ್ತು ಗೋಧಿತೆನೆ ಹಿಡಿದ ದೇವರು. ಈ ವರ್ಷ ಬೇರೆ ಆಜ್ಞೆ ಬಂತು. ಯವನರು ಮೆಚ್ಚುವಂತೆ, ಕೂದಲು ಹರಡಿಕೊಂಡು ನೇರ ನಮ್ಮತ್ತ ನೋಡುವ ನೀರಿನ ದೇವಿ ಬೇಕಂತೆ. ಮಾದರಿಗೆ ಕೊಟ್ಟ ಹಳೆಯ ನಾಣ್ಯದಲ್ಲಿ ಕೂದಲೇನೋ ಇತ್ತು, ಮೂಗು ಬಾಯಿ ಸವೆದುಹೋಗಿದ್ದವು. ಉಳಿದದ್ದನ್ನು ಅವನೇ ತುಂಬಿದ.

ಮೊದಲ ನಾಣ್ಯ ಕಂಡ ದಿನವೇ ಅದು ಮಗಳ ಮುಖವೆಂದು ನನಗೆ ಗೊತ್ತಾಗಿತ್ತು. ನನ್ನ ಭ್ರಮೆಯಿರಬಹುದು ಎಂದು ಸುಮ್ಮನಾದೆ. ಎಲ್ಲದಕ್ಕೂ ಹೆದರುವವಳು ಎಂದು ಮನೆಯಲ್ಲಿ ನನಗೆ ಮೊದಲೇ ಹೆಸರಿದೆ.

ಮಗಳನ್ನು ಮನೆಗೆ ಬಿಟ್ಟು ನೇರ ಅವನ ಕೆಲಸದ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ.

"ಬೇಕೂಂತ ಮಾಡಿಲ್ಲ ಕಣೇ," ಎಂದ. "ಮೂಗಿನ ಹತ್ರ ಬಂದಾಗ ಕೈಗೆ ಅದೇ ಬಂತು."

"ಅಳಿಸಿಬಿಡಿ."

"ಅಚ್ಚಲ್ಲಿ ಅಳಿಸೋದು ಅಂತ ಇಲ್ಲ. ಇನ್ನೂ ತೋಡಬಹುದು ಅಷ್ಟೇ. ಇಲ್ಲಿ ತೋಡಿದಷ್ಟೂ ಬೆಳ್ಳೀಲಿ ಉಬ್ಬಿಕೊಂಡು ಬರುತ್ತೆ. ಮುಖ ದಪ್ಪ ಆಗುತ್ತೆ, ಸಣ್ಣ ಆಗಲ್ಲ."

"ಹೊಸದು ಕೆತ್ರಿ ಹಾಗಾದ್ರೆ."

"ನಾಳೆ ಬೆಳಿಗ್ಗೆ ಮುಂದಿನ ಸಂಬಳಕ್ಕೆ ನಾಣ್ಯ ಹೊಡೆಯೋಕೆ ಶುರು. ಹೊಸದಕ್ಕೆ ಹತ್ತು ದಿನ ಬೇಕು."

"ದಪ್ಪಾನೇ ಮಾಡಿ. ವಯಸ್ಸಾದೋಳ ಥರ ಮಾಡಿ."

"ಯಾರ ಥರ? ಕಣ್ಣೆದುರಿಗೆ ಯಾರಾದ್ರೂ ಇರಬೇಕಲ್ಲ."

ನಾನು ಮಣೆಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಕೂತೆ. ಅವನು ತುಂಬ ಹೊತ್ತು ನೋಡಿದ. ಅಷ್ಟು ಹೊತ್ತು ಅವನು ನನ್ನನ್ನು ನೋಡಿ ಎಷ್ಟು ವರ್ಷವಾಗಿತ್ತೋ.

"ಅಲುಗಾಡಬೇಡ."

"ಅಲುಗಾಡ್ತಿಲ್ಲ. ನಡುಕ ಅದು."

ಮೂಗು ಅಗಲವಾಯಿತು. ಕೆನ್ನೆ ಇಳಿಬಿತ್ತು, ಗದ್ದದ ಕೆಳಗೆ ಇನ್ನೊಂದು ಗದ್ದ ಬಂತು. ಸಂಜೆಗೆ ಅವನು ಅಚ್ಚಿಗೆ ಹಸಿಮಣ್ಣು ಒತ್ತಿ ತೆಗೆದಾಗ ಅಂಗೈಯಲ್ಲಿ ನಾನಿದ್ದೆ. ಟಂಕಸಾಲೆಯ ಪಾರಸಿಕ ಮೇಲ್ವಿಚಾರಕ ಬಂದು ಮಣ್ಣನ್ನು ತಿರುಗಿಸಿ ನೋಡಿದ.

"ದೇವಿ ಊದಿಕೊಂಡಿದಾಳಲ್ಲಯ್ಯಾ?"

"ಬೆಳೆ ಚೆನ್ನಾಗಿದೆ ಒಡೆಯಾ, ಉಂಡಿದಾಳೆ," ಎಂದ ನನ್ನ ಗಂಡ.

ಮೇಲ್ವಿಚಾರಕ ನಗಲಿಲ್ಲ. ಕೊನೆಗೆ, "ಯವನರಿಗೆ ತೂಕ ಸರಿಯಿದ್ದರೆ ಸಾಕು," ಎಂದು ಹೊರಟುಹೋದ. ನನ್ನ ಎದೆ ಹಗುರಾಯಿತು.

ಅಪ್ಪನಿಗೆ ರೊಟ್ಟಿ ತಂದ ಮುವತ್ತಿ ಆ ಮಣ್ಣನ್ನು ಕೈಗೆತ್ತಿಕೊಂಡಳು.

"ಇಲ್ಲಿ ನಾನಿದ್ದೆ ಅಲ್ವಾ?"

"ನಿಂಗೆ ಗೊತ್ತಿತ್ತಾ?"

"ಎಲ್ರಿಗೂ ಗೊತ್ತಮ್ಮ. ಹೊಳೆ ಹತ್ರ ಹುಡುಗೀರು ನನ್ನ ದೇವಿ ಅಂತಾನೇ ಕರಿಯೋದು. ಯಾಕೆ ತೆಗೆಸಿದ್ರಿ?"

ಅವಳ ಕಣ್ಣು ತುಂಬಿತ್ತು. ಅಪ್ಪನ ಕಡೆ ತಿರುಗಿದಳು.

"ಹಳೇವು ಎಷ್ಟು ಹೊಡೆದಿದೀರ ಅಪ್ಪಾ?"

ಅವನು ಉಳಿಯನ್ನು ಒರೆಸುತ್ತಲೇ ಇದ್ದ. "ದಂಡಿಗೆಲ್ಲ ಸಾಲೋವಷ್ಟು," ಎಂದ.

ಅದು ನನಗೆ ಆ ತನಕ ಹೊಳೆದಿರಲಿಲ್ಲ. ಇಡೀ ದಿನ ನಾನು ನಾಳೆಯ ನಾಣ್ಯಗಳ ಬಗ್ಗೆಯಷ್ಟೇ ಯೋಚಿಸಿದ್ದೆ.

ಮನೆಗೆ ಬಂದ ಮೇಲೆ ಮುವತ್ತಿ ಕೊಡ ಎತ್ತಿಕೊಂಡು ಹೊಳೆಗೆ ಹೊರಟಳು. ಬೇಡ ಎಂದರೆ ನಿಲ್ಲುವವಳಲ್ಲ; ಮನೆಯಲ್ಲಿ ನೀರೂ ಇರಲಿಲ್ಲ. ನಾನು ಅವಳ ಜೊತೆ ನಡೆದೆ. ದಂಡೆಯ ಎಡಕ್ಕೆ ಸೈನಿಕರು ಕೂತು ಮೀನು ಸುಡುತ್ತಿದ್ದರು. ನಾನು ತಲೆಯ ಮೇಲಿನ ಬಟ್ಟೆಯನ್ನು ತೆಗೆದು ಅವಳ ಮುಖಕ್ಕೆ ಹೊದಿಸಿ, ಅವರಿಗೂ ಅವಳಿಗೂ ನಡುವೆ, ಎಡಗಡೆಗೆ ಬಂದೆ.

"ಉಸಿರು ಕಟ್ಟುತ್ತಮ್ಮ," ಎಂದು ಅವಳು ಬಟ್ಟೆಯನ್ನು ಕಿತ್ತು ನನ್ನ ಹೆಗಲ ಮೇಲೆ ಹಾಕಿದಳು.