ಎರಡು ಎಳೆ ಹಸಿರು ದಾರ

ಇಪ್ಪತ್ತನೆಯ ಟೊಮೆಟೊದ ನೆತ್ತಿ ಕೊಯ್ಯುತ್ತಿದ್ದಾಗ ನಸ್ರೀನ್‌ಗೆ ಮತ್ತೆ ಆ ಸದ್ದು ಕೇಳಿಸಿತು. ಕಬ್ಬಿಣದ ಮಂಚದ ಸರಳಿಗೆ ಸ್ಟೀಲಿನ ಪುಟ್ಟ ಲೋಟ ಬಡಿದ ಸದ್ದು. ಟಣ್, ಟಣ್, ಆಮೇಲೆ ತುಸು ತಡೆದು ಇನ್ನೊಂದು ಟಣ್. ಚಾಕು ಹಿಡಿದ ಕೈ ನಿಂತಿತು. 'ಬಂದೆ ಅಮ್ಮಿ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಪಡಸಾಲೆಯ ಆ ಮಂಚವನ್ನು ಬಿಚ್ಚಿ ಅಟ್ಟಕ್ಕೆ ಹಾಕಿ ತಿಂಗಳಾಗಿತ್ತು. ಅತ್ತೆ ಅಕ್ಬರಬಿ ಮಣ್ಣಿಗೆ ಹೋಗಿ ಇವತ್ತಿಗೆ ನಲವತ್ತು ದಿನ.

"ಯಾಕ ಭಾಭಿ, ಕೈ ಕೊಯ್ಕೊಂಡೇನ?" ನಾದಿನಿ ಸಾಜಿಯಾ ಮಿಕ್ಸರ್ ನಿಲ್ಲಿಸಿ ಕೇಳಿದಳು.

"ಇಲ್ಲ. ಏನೋ ಸದ್ದಾದಂಗ ಆತು."

"ನನಗೇನ ಕೇಳಲಿಲ್ಲಲ್ಲ."

ನಸ್ರೀನ್ ಟೊಮೆಟೊದ ಒಳಗೆ ಚಮಚ ಇಳಿಸಿ, ಗೋಡೆ ಹರಿಯದಂತೆ ತಿರುಗಿಸಿ, ರಸವನ್ನೂ ಬೀಜವನ್ನೂ ಬೋಗುಣಿಗೆ ತೆಗೆದಳು. ಹೀಗೆ ತೆಗೆಯುವುದನ್ನು ಕಲಿಸಿದವಳು ಅಕ್ಬರಬಿಯೇ. ಮದುವೆಯಾಗಿ ಕಾಗಿನೆಲೆಯಿಂದ ಬ್ಯಾಡಗಿಯ ಈ ಮನೆಗೆ ಬಂದ ಮೊದಲ ವಾರ ನಸ್ರೀನ್ ನಾಲ್ಕು ಹಣ್ಣು ಹರಿದಿದ್ದಳು. "ಬಾವಿ ತೋಡಾಕತ್ತೀ ಏನವಾ? ಗ್ವಾಡಿ ಉಳಿಸು, ಗ್ವಾಡಿ" ಎಂದು ಅತ್ತೆ ನಕ್ಕಿದ್ದಳು. ಹದಿನಾರು ವರ್ಷದ ಹಿಂದಿನ ಮಾತು.

ಹಿತ್ತಲ ಬಾಗಿಲಲ್ಲಿ ಕುಳಿತು ಪುದೀನ ಸೋಸುತ್ತಿದ್ದ ಪಕ್ಕದ ಮನೆಯ ಕರೆವ್ವ ಒಳಗೆ ಇಣುಕಿದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಅವಳೂ ಅಕ್ಬರಬಿಯೂ ಇಪ್ಪತ್ತು ವರ್ಷ ಒಟ್ಟಿಗೆ ಹೋದವರು. "ಒಳಗ ಮಸಾಲಿ ಬರೇ ಶೇಂಗಾ, ಎಳ್ಳು, ಕೊಬ್ರಿ ಹೌದಿಲ್ಲೋ? ನಿಮ್ಮತ್ತಿ ನನ್ನ ಸಲುವಾಗಿ ಖೀಮಾ ಬಿಟ್ಟಿದ್ಲು, ನೀವು ಇವತ್ತ ನನ್ನ ಜಾತಿ ಕೆಡಿಸಬ್ಯಾಡ್ರಿ ಮತ್ತ."

"ನಿನ್ನ ಜಾತಿ ಅಮ್ಮಿ ಯಾವಾಗೋ ಕೆಡಿಸ್ಯಾಳ ಬಿಡ ಕರೆವ್ವಕ್ಕ" ಎಂದಳು ಸಾಜಿಯಾ. ಮೂವರೂ ನಕ್ಕರು. ನಗು ಬೇಗ ಮುಗಿಯಿತು.

ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ, ಮುಂದಿಟ್ಟು, ಅವರ ಹೆಸರಿನ ಪ್ರಾರ್ಥನೆ ಓದಿಸಿ ಫಾತಿಹಾ ಕೊಡಿಸುವುದು ಈ ಮನೆಯಲ್ಲಿ ಮೊದಲಿನಿಂದ ನಡೆದುಬಂದದ್ದು. ಬಂದವರಿಗೆ ಬಿರಿಯಾನಿ ಎಂದು ನಸ್ರೀನ್‌ಳ ಗಂಡ ಖಲಂದರ ಹೇಳಿದಾಗ ಸಾಜಿಯಾ ಒಪ್ಪಿದ್ದಳು. "ಬಂದವರಿಗೆ ಏನರ ಮಾಡಿಸು ಭಾಯಿ. ಅಮ್ಮಿ ಹೆಸರಿಲೆ ಮುಂದ ಇಡೂದು ತುಂಬಿದ ಟಮಾಟಿನ. ಅದರ ಆಸೆ ಇಟ್ಕೊಂಡ ಹೋಗ್ಯಾಳ ಆಕಿ. ಒಂದೂವರಿ ವರ್ಷ ಟಮಾಟಿ ಟಮಾಟಿ ಅಂದ್ಲು, ಯಾರರ ಆಕಿ ಬಾಯಾಗ ಒಂದ ಚೂರು ಹಾಕಿದ್ರೇನ?" ಎಂದು ಅತ್ತಿದ್ದಳು. ಅಣ್ಣ ತಲೆ ತಗ್ಗಿಸಿದ್ದ. ನಸ್ರೀನ್ ಎದ್ದು ಒಳಗೆ ಹೋಗಿದ್ದಳು.

ಅಕ್ಬರಬಿಯ ಎರಡೂ ಮೂತ್ರಪಿಂಡ ಸೋತಿದ್ದವು. ಮಂಗಳವಾರ, ಗುರುವಾರ, ಶನಿವಾರ ಹಾವೇರಿಗೆ ಡಯಾಲಿಸಿಸ್. ಟೊಮೆಟೊ, ಬಾಳೆಹಣ್ಣು, ಎಳನೀರು ಇವನ್ನು ಮುಟ್ಟಲೇ ಬಾರದು, ಅವು ರಕ್ತದಲ್ಲಿ ಸೇರಿಕೊಂಡು ಹೃದಯವನ್ನೇ ನಿಲ್ಲಿಸುತ್ತವೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಉಳಿದ ಕಾಯಿಪಲ್ಲೆಯನ್ನೂ ಕುದಿಸಿ, ನೀರು ಚೆಲ್ಲಿ, ಆಮೇಲೆ ಒಗ್ಗರಣೆ. ಕುಡಿಯುವ ನೀರು ಸಹ ಅಳತೆಯದು. ಆ ಪುಟ್ಟ ಲೋಟದಲ್ಲಿ ಅರ್ಧ. ಪಥ್ಯವೆಲ್ಲ ನಸ್ರೀನ್‌ದೇ. ಗೋಣಿಚೀಲದ ಅಂಗಡಿಯಲ್ಲಿ ಖಲಂದರ ಬಂದವರೆದುರಿಗೆಲ್ಲ ಹೇಳುತ್ತಿದ್ದ: "ನಮ್ಮನ್ಯಾಗ ಟಮಾಟಿ ಬಣ್ಣ ನೋಡಿ ವರ್ಷಾತು. ನನ್ನ ಹೆಂಡ್ತಿ ಅಷ್ಟು ಕಟ್ಟುನಿಟ್ಟು." ಅತ್ತೆ ಹೋದ ಮೇಲೂ ಅವನು ಅದನ್ನೇ ಹೇಳಿದ. ಮಣ್ಣಿಗೆ ಬಂದವರಿಗೆ ಹೇಳಿದ, ಮೂರನೇ ದಿನ ಹೇಳಿದ, ಹತ್ತನೇ ದಿನ ಹೇಳಿದ. ಪ್ರತಿ ಸಲವೂ ನಸ್ರೀನ್‌ಗೆ ತನ್ನ ಹೆಸರು ಹಿಡಿದು ಬೇರೆ ಯಾರನ್ನೋ ಹೊಗಳಿದಂತೆ ಕೇಳಿಸುತ್ತಿತ್ತು.

ಅತ್ತೆಯ ಕೊನೆಯ ಸೋಮವಾರ ಮಧ್ಯಾಹ್ನ ಮನೆಯಲ್ಲಿ ಅವರಿಬ್ಬರೇ. ನಸ್ರೀನ್ ಹೊಲಿಗೆ ಯಂತ್ರದ ಮುಂದೆ ಇದ್ದಳು. ಲೋಟ ಬಡಿದ ಸದ್ದಿಗೆ ಎದ್ದು ಹೋದರೆ ಅಕ್ಬರಬಿ ನೀರು ಕೇಳಲಿಲ್ಲ. "ಓಣ್ಯಾಗ ಟಮಾಟಿ ಗಾಡಿ ಕೂಗಾಕತ್ತೈತಿ" ಎಂದಳು.

"ಬ್ಯಾಡ ಅಂದಾರಲ್ಲ ಅಮ್ಮಿ."

"ಬ್ಯಾಡ ಅಂದಾರ ಅನ್ನೂದು ನನಗೂ ಗೊತ್ತೈತಿ. ನಾ ಕೇಳಿದ್ದು ಗಾಡಿ ಕೂಗಾಕತ್ತೈತಿಲ್ಲೋ ಅಂತ." ಲೋಟ ಕೆಳಗಿಟ್ಟು ಅವಳೇ ಅಂದಳು, "ನಾಲಿಗಿ ಸತ್ತ ಹೋಗೇತಿ ನಸ್ರೀನ್. ನಾಲಿಗಿ ಮೊದಲ ಹೋಗಿ, ನಾ ಹಿಂದ ಉಳದೇನಿ."

ನಸ್ರೀನ್ ಎರಡೇ ಹಣ್ಣು ತಂದು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಕೆಟ್ಟದ್ದೆಲ್ಲ ರಸದಲ್ಲಿ ಇರುತ್ತದೆ, ರಸ ಬೀಜ ಪೂರ್ತಿ ತೆಗೆದು, ಬರಿಯ ಗೋಡೆಯನ್ನು ಬಿಸಿನೀರಿಗೆ ಹಾಕಿ ಆ ನೀರನ್ನೂ ಚೆಲ್ಲಿದರೆ ಉಳಿಯುವುದು ಏನು ಎಂದು ತನಗೆ ತಾನೇ ಹೇಳಿಕೊಂಡಳು. ಕಾಯಿಪಲ್ಲೆಗೆ ಡಾಕ್ಟರೇ ಹೇಳಿದ ದಾರಿ ಅದು. ಬಿಳಿ ದಾರದ ಉಂಡೆ ಹುಡುಕುವ ಪುರುಸೊತ್ತಿಲ್ಲದೆ ಯಂತ್ರದಲ್ಲಿದ್ದ ದಾರವನ್ನೇ ಎರಡು ಎಳೆ ಹರಿದು, ಮಸಾಲೆ ತುಂಬಿದ ಹಣ್ಣಿಗೆ ಕೊಯ್ದ ನೆತ್ತಿಯನ್ನೇ ಮುಚ್ಚಳ ಮಾಡಿ ಕಟ್ಟಿ ಬೇಯಿಸಿದಳು. ಅತ್ತೆ ಮಂಚದ ಮೇಲೆ ಎದ್ದು ಕುಳಿತು, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ತಿಂದಳು. ತಿಂದಾದ ಮೇಲೆ ದಾರ ತೊಳೆಸಿ ತರಿಸಿಕೊಂಡಳು. ಮೆಣಸಿನ ಖಾರಕ್ಕೆ ತುದಿ ಸುಟ್ಟು ನುಣ್ಣಗಾದ ಎರಡು ಬೆರಳಿಗೆ ಇಂಗ್ಲಿಷ್ ಅಂಕಿ ಎಂಟರ ಹಾಗೆ ಅದನ್ನು ಸುತ್ತಿ, ನಡುವೆ ಕುಣಿಕೆ ಹಾಕಿ ಸೊಸೆಯ ಕೈಗೆ ಕೊಟ್ಟಳು. ಒಂದು ಗೇಣು ದಾರವನ್ನೂ ಎಸೆಯದ ಹೆಂಗಸು. "ಇಡು. ಇನ್ನೊಂದ ಸಲಕ್ಕ ಬೇಕಾಗತೈತಿ" ಎಂದಳು.

ಮರುದಿನ ನಸುಕಿನಲ್ಲಿ, ಹಾವೇರಿಗೆ ಹೊರಡಿಸಲು ಎಬ್ಬಿಸಹೋದರೆ, ಮೈ ತಣ್ಣಗಿತ್ತು. ಹೃದಯ ನಿಂತಿದೆ, ಇಂಥ ರೋಗಿಗಳಿಗೆ ಹೀಗಾಗುವುದುಂಟು ಎಂದರು ಡಾಕ್ಟರು. ಯಾಕೆ ನಿಂತಿತೆಂದು ಯಾರೂ ಕೇಳಲಿಲ್ಲ. ಕೇಳಬಹುದಾಗಿದ್ದವಳು ಒಬ್ಬಳೇ, ಅವಳು ಬಾಯಿ ಬಿಡಲಿಲ್ಲ.

"ಭಾಭಿ, ದಾರ ತೀರಿತಲ್ಲ" ಎಂದಳು ಸಾಜಿಯಾ.

ನಲವತ್ತು ಟೊಮೆಟೊ ತುಂಬಿ, ಕಟ್ಟಿ, ಅಗಲ ಪಾತ್ರೆಯಲ್ಲಿ ಒತ್ತೊತ್ತಾಗಿ ಕೂರಿಸಿದ್ದರು. ತಾಯಿಯ ಪಾಲಿನವು ಇರಲಿ ಎಂದು ಸಾಜಿಯಾ ದೊಡ್ಡವು ಎರಡನ್ನು ಬೇರೆ ಇಟ್ಟಿದ್ದಳು. ಅವಕ್ಕೆ ದಾರ ಇರಲಿಲ್ಲ. "ಅಮ್ಮಿ ಹಳೇ ದಾರ ಸುತ್ತಿಡ್ತಿದ್ಲಲ್ಲ, ಸುಣ್ಣದ ಡಬ್ಬಿಯೊಳಗ, ಅದೆಲ್ಲೈತಿ?" ಎನ್ನುತ್ತಲೇ ಉಪ್ಪಿನ ಭರಣಿಯ ಹಿಂದಕ್ಕೆ ಕೈ ಹಾಕಿದಳು.

"ಅದರಾಗ ಏನಿಲ್ಲ, ನಾ ಬ್ಯಾರೆ ತರ್ತೇನಿ" ಎಂದು ನಸ್ರೀನ್ ಏಳುವಷ್ಟರಲ್ಲಿ ಡಬ್ಬಿಯ ಮುಚ್ಚಳ ತೆರೆದಾಗಿತ್ತು. ಎಸೆಯಬೇಕೆಂದು ನಲವತ್ತು ದಿನದಲ್ಲಿ ಎಷ್ಟು ಸಲ ಆ ಡಬ್ಬಿಯನ್ನು ಕೈಗೆತ್ತಿಕೊಂಡಿದ್ದಳೋ. ಎಸೆಯಲು ಆಗಿರಲಿಲ್ಲ.

ಸಾಜಿಯಾ ಎರಡು ಎಳೆಯ ಆ ಪುಟ್ಟ ಸುರುಳಿಯನ್ನು ಅಂಗೈಯಲ್ಲಿಟ್ಟು ನೋಡಿದಳು. ಗಿಳಿಹಸಿರು ದಾರ. ಅಲ್ಲಲ್ಲಿ ತೊಳೆದರೂ ಹೋಗದ ಎಣ್ಣೆಯ, ಕೆಂಪು ಖಾರದ ಕಲೆ. ಮೊದಲು ಅವಳ ಮುಖ ಅರಳಿತು. "ಅಮ್ಮಿ ಗಂಟು" ಎಂದಳು. ಅಷ್ಟರಲ್ಲಿ ಅವಳ ಮಗಳು ಹೀನಾ ಹೊಸ ಫ್ರಾಕು ತೊಟ್ಟು ಹಿತ್ತಲ ಕಡೆಗೆ ಓಡಿದಳು. ಗಿಳಿಹಸಿರು ಫ್ರಾಕು. ಸಾಜಿಯಾ ಓಡಿದ ಮಗಳನ್ನು ನೋಡಿದಳು. ಅಂಗೈ ನೋಡಿದಳು.

"ಇದು ಹೀನಾನ ಫ್ರಾಕಿನ ದಾರ" ಎಂದಳು ನಿಧಾನವಾಗಿ. "ಅರಿವಿ, ದಾರ ಎರಡೂ ರಾಣೇಬೆನ್ನೂರಾಗ ನಾನ ಕೊಂಡೇನಿ. ಐತವಾರ ತಂದು ನಿನ್ನ ಕೈಯಾಗ ಕೊಟ್ಟು ಸಂಜಿಮುಂದ ಬಸ್ ಹತ್ತಿದೆ. ಮಂಗಳವಾರ ನಸುಕಿನ್ಯಾಗ ಫೋನ್ ಬಂತು."

ನಸ್ರೀನ್ ಒಲೆಯ ಉರಿ ಸಣ್ಣ ಮಾಡಿದಳು. ಅದು ಸಣ್ಣದಾಗಿಯೇ ಇತ್ತು.

"ಸೋಮವಾರ ಮಧ್ಯಾಹ್ನ" ಎಂದಳು.

"ಎಷ್ಟು?"

"ಎರಡು."

"ಭಾಯಿಗೆ ಗೊತ್ತೈತೇನ?"

"ಯಾರಿಗೂ ಗೊತ್ತಿಲ್ಲ."

ಹಿತ್ತಲಲ್ಲಿ ಕರೆವ್ವ ಹೀನಾಳಿಗೆ ಏನೋ ಗದರುತ್ತಿದ್ದಳು. ಪಾತ್ರೆಯಲ್ಲಿ ಎಣ್ಣೆ ಬಿಡುತ್ತಿದ್ದ ಮಸಾಲೆಯ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತ್ತು. ನಸ್ರೀನ್ ಕಾದಳು. ಈಗ ಬರಬೇಕಾದ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಅದನ್ನು ನಲವತ್ತು ದಿನವೂ ತನಗೆ ತಾನೇ ಅಂದುಕೊಂಡಿದ್ದಳು. ಬೇರೆಯವರ ಬಾಯಿಂದ ಬಂದರೆ ಒಂದು ಸಲಕ್ಕೆ ಮುಗಿಯುತ್ತದೆ ಎಂದೂ ಅನ್ನಿಸಿತ್ತು.

"ಪೂರಾ ತಿಂದ್ಲೇನ?" ಎಂದು ಕೇಳಿದಳು ಸಾಜಿಯಾ.

"ತಿಂದ್ಲು. ರೊಟ್ಟಿ ಚೂರಿಲೆ ತಾಟ ಒರಿಸಿ ತಿಂದ್ಲು."

"ಉಪ್ಪು?"

"ಉಪ್ಪು ಕಡಿಮಿ ಆಗೈತಿ ಅಂದ್ಲು. ಇನ್ನೊಂದ ಸಲ ನೋಡ್ಕೊ ಅಂದ್ಲು."

ಸಾಜಿಯಾಳ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಅಳುವೋ ಅವಳಿಗೂ ತಿಳಿದಿರಲಿಕ್ಕಿಲ್ಲ. ನಸ್ರೀನ್ ಕೊನೆಗೂ ಕೇಳಿದಳು: "ಅದರಿಂದನ ಆತೇನ ಸಾಜಿಯಾ?"

"ನನಗೇನ ಗೊತ್ತು" ಎಂದಳು ಸಾಜಿಯಾ. ಹಸಿರು ದಾರದ ಕುಣಿಕೆ ಬಿಚ್ಚಿ, ಬೇರೆ ಇಟ್ಟಿದ್ದ ಎರಡು ಟೊಮೆಟೊಗಳ ಮುಚ್ಚಳಕ್ಕೆ ಒಂದೊಂದು ಎಳೆ ಸುತ್ತಿದಳು. ಆಮೇಲೆ ಅತ್ತಿಗೆಯ ಮುಖ ನೋಡದೆ ಪಾತ್ರೆಯ ಮುಚ್ಚಳ ಮುಚ್ಚಿದಳು.

ಪಡಸಾಲೆಯಲ್ಲಿ ಮಂಚವಿದ್ದ ಜಾಗದಲ್ಲಿಯೇ ಬಿಳಿಯ ಚಾದರ ಹಾಸಿದ್ದರು. ಅಕ್ಬರಬಿಯ ತಂಗಿ ಕೈಸರ ಖಾಲಾ ಅಗಡಿಯಿಂದ ಬಂದಿದ್ದಳು. ಅವಳ ಗಂಡ ಅಬ್ದುಲರಜಾಕ ಫಾತಿಹಾ ಕೊಡಲು ಟೊಪ್ಪಿಗೆ ಸರಿಮಾಡಿಕೊಂಡು ಕುಳಿತಿದ್ದ. ಊದಿನಕಡ್ಡಿಯ ಹೊಗೆ ಕಿಟಕಿಯತ್ತ ಹೋಗುತ್ತಿತ್ತು. ಸಾಜಿಯಾ ತಟ್ಟೆ ತಂದಿಟ್ಟಳು. ದಾರ ಬಿಚ್ಚಿದ ಎರಡು ಟೊಮೆಟೊ, ಪಕ್ಕದಲ್ಲಿ ಆ ಪುಟ್ಟ ಲೋಟ. ನೀರು ಅಂಚಿನವರೆಗೂ ಇತ್ತು.

ತಟ್ಟೆ ನೋಡಿದ್ದೇ ಕೈಸರ ಖಾಲಾ ಸೆರಗು ಬಾಯಿಗೆ ಒತ್ತಿಕೊಂಡಳು. "ಈಗ ಇಟ್ಟರ ಏನ ಬಂತು? ಜೀವ ಇದ್ದಾಗ ಒಂದ ಕೊಡಲಿಲ್ಲ. ನಮ್ಮಕ್ಕ ಬಾಯಿ ಬಿಟ್ಕೊಂಡ ಹೋದ್ಲು."

"ಡಾಕ್ಟರ್ ಹೇಳಿದ್ದ ಮಾಡೇವಿ ಖಾಲಾ" ಎಂದ ಖಲಂದರ. "ಒಂದ ಟಮಾಟಿ ಸೈತ ನಸ್ರೀನ್ ಈ ಹೊಸ್ತಿಲ ದಾಟಿಸಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಸ್ರೀನ್ ಚೌಕಟ್ಟು ಹಿಡಿದುಕೊಂಡಳು. ಸಾಜಿಯಾಳ ಕಣ್ಣು ತನ್ನ ಕಡೆ ಬಂದು ಹೋದದ್ದನ್ನು ಕಂಡಳು.

"ಇಲ್ಲ ಖಾಲಾ" ಎಂದಳು ಸಾಜಿಯಾ. "ಅಮ್ಮಿ ತಿಂದ ಹೋಗ್ಯಾಳ."

ಎಲ್ಲರೂ ತಿರುಗಿ ನೋಡಿದರು.

"ಐತವಾರ ಬಂದಾಗ ನಾನ ಡಬ್ಬಿಯೊಳಗ ಹಾಕ್ಕೊಂಡ ಬಂದಿದ್ದೆ. ಎರಡು. ಭಾಭಿ ಒಳಗ ಮಶಿನ್ ಮುಂದ ಇದ್ಲು, ಆಕಿಗೆ ಗೊತ್ತಿಲ್ಲ. ಅಮ್ಮಿ ಪೂರಾ ತಿಂದ್ಲು. ತಾಟ ಒರಿಸಿ ತಿಂದ್ಲು." ಸಾಜಿಯಾ ಲೋಟವನ್ನು ತಟ್ಟೆಯ ಹತ್ತಿರಕ್ಕೆ ಸರಿಸಿದಳು. "ಉಪ್ಪು ಕಡಿಮಿ ಆಗೈತಿ ಅಂದ್ಲು. ಇನ್ನೊಂದ ಸಲ ನೋಡ್ಕೊ ಅಂದ್ಲು."

"ನಮ್ಮವ್ವ" ಎಂದು ಕೈಸರ ಖಾಲಾ ಅವಳನ್ನು ತನ್ನೆಡೆಗೆ ಎಳೆದುಕೊಂಡಳು. "ಸವಾಬಿನ ಪುಣ್ಯ ಕಟ್ಕೊಂಡೆ ಬಿಡ ಮಗಳ. ತಾಯಿ ಹೊಟ್ಟಿ ತಣ್ಣಗ ಮಾಡಿ ಕಳಿಸಿದಿ."

ಖಲಂದರ ತಂಗಿಯನ್ನೇ ನೋಡುತ್ತಿದ್ದ. "ನೀನ?" ಎಂದ. ಅವಳ ಪಕ್ಕದಲ್ಲಿ ಕುಳಿತಿದ್ದವನು ಎದ್ದು, ಎದುರಿನ ಗೋಡೆಗೆ ಹೋಗಿ ಕುಳಿತ.

'ನಾನು' ಎಂಬ ಮಾತು ನಸ್ರೀನ್‌ಳ ಬಾಯಿಯೊಳಗೆ ಬಂದಿತ್ತು. ಅಷ್ಟರಲ್ಲಿ ಅಬ್ದುಲರಜಾಕ ಎರಡೂ ಕೈ ಎತ್ತಿದ. ಎಲ್ಲರ ಕೈಗಳೂ ಎದ್ದವು. ಅವಳೂ ಸೆರಗನ್ನು ತಲೆಗೆ ಎಳೆದುಕೊಂಡು ಅಂಗೈ ಒಡ್ಡಿದಳು. ಅಂಗೈಯಲ್ಲಿ ಟೊಮೆಟೊ ವಾಸನೆ ಇತ್ತು. ಸಾಜಿಯಾ ಕಣ್ಣು ಮುಚ್ಚಿದ್ದಳು, ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ನಲವತ್ತು ದಿನದಲ್ಲಿ ಮೊದಲ ಸಲ ಆ ಮುಖ ಸಡಿಲವಾದಂತೆ ಕಂಡಿತು. ಅವಳ ಎಡಗೈಯ ಎರಡು ಬೆರಳಿಗೆ ಹಸಿರು ದಾರ ಎಂಟರ ಹಾಗೆ ಸುತ್ತಿತ್ತು.

ಊಟಕ್ಕೆ ತಟ್ಟೆ ಹಾಕುವ ಗದ್ದಲ ಶುರುವಾಯಿತು. ಕರೆವ್ವ ಬಿರಿಯಾನಿಯ ಕಡೆಗೆ ಬೆನ್ನು ಹಾಕಿ ಕುಳಿತು ಟೊಮೆಟೊ ಕೇಳಿ ಹಾಕಿಸಿಕೊಂಡಳು. "ಉಪ್ಪು ಬರೋಬರಿ ಐತಿ" ಎಂದು ಯಾರೋ ಅಂದರು. ನಸ್ರೀನ್ ಫಾತಿಹಾದ ಲೋಟವನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. ಉಪ್ಪಿನ ಭರಣಿಯ ಹಿಂದೆ ಡಬ್ಬಿ ಬಾಯಿ ತೆರೆದು ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ.

ಅವಳು ಕಿವಿಗೊಟ್ಟು ನಿಂತಳು. ಬಡಿಸುವವರ ಮಾತು, ಹೀನಾಳ ಓಟ, ತಟ್ಟೆಗಳ ಸದ್ದು. ಬೇರೇನೂ ಕೇಳಲಿಲ್ಲ. ಫಾತಿಹಾದ ಹೊತ್ತಿನ 'ನಾನು' ಇನ್ನೂ ಬಾಯಿಯೊಳಗೇ ಇತ್ತು.

ಆಮೇಲೆ ಲೋಟದ ನೀರನ್ನು ಒಂದೇ ಗುಟುಕಿಗೆ ಪೂರ್ತಿ ಕುಡಿದು, ಬರಿಯ ಲೋಟವನ್ನು ಕಿಟಕಿಯ ಕಬ್ಬಿಣದ ಸರಳಿಗೆ ಬಡಿದಳು. ಟಣ್, ಟಣ್, ತುಸು ತಡೆದು ಇನ್ನೊಂದು ಟಣ್.

ಪಡಸಾಲೆಯಲ್ಲಿ ಮಾತೆಲ್ಲ ಒಮ್ಮೆಲೇ ನಿಂತಿತು.