ಸಭೆ ಮುಗಿದಿಲ್ಲ

ಪಂಚಾಯ್ತಿ ಸಭೆಯಲ್ಲಿ ಹೊಸ ನಿಯಮ ಆರನ್ನು ಓದಲು ಕಾರ್ಯದರ್ಶಿ ಕಲ್ಲೇಶ್ ಎದ್ದಾಗ ಬೊಮ್ಮಯ್ಯ ಪ್ಲಾಸ್ಟರು ಹಾಕಿದ್ದ ಬಲಗೈಯನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಎದುರಿಗೆ ಕೂತಿದ್ದ ದಿಲೀಪ್ ಅದನ್ನು ನೋಡಿ ನಕ್ಕ.

"ಸಭೆ ನಡೆಯುತ್ತಿರುವಾಗ ಯಾವ ಸದಸ್ಯರೂ ಇನ್ನೊಬ್ಬರ ಮೇಲೆ ಕೈಮಾಡತಕ್ಕದ್ದಲ್ಲ. ಕೈಮಾಡಿದವರನ್ನು ಮುಂದಿನ ಆರು ಸಭೆಗಳಿಂದಲೂ ಎಲ್ಲಾ ಸಮಿತಿಗಳಿಂದಲೂ ಹೊರಗಿಡತಕ್ಕದ್ದು."

"ಹೋದ ತಿಂಗಳದ್ದೂ ಇದಕ್ಕೆ ಸೇರ್ತದ ಕಲ್ಲೇಶ್?" ದಿಲೀಪ್ ಕೇಳಿದ.

"ಇಲ್ಲ ಸಾರ್. ಪಾಸಾದ ಮೇಲಿಂದ."

"ಸಭೆ ನಡೀತಿರುವಾಗ ಮಾತ್ರ ಅಲ್ವ?"

"ಹೌದು ಸಾರ್."

"ಸರಿ ಬಿಡು ಮಾರಾಯ. ಹೊರಗೆ ಜಾಗ ಬೇಕಾದಷ್ಟಿದೆ."

ಹೋದ ತಿಂಗಳು ಇದೇ ಕೋಣೆಯಲ್ಲಿ ಬೊಮ್ಮಯ್ಯ ಒಂದು ಪ್ರಶ್ನೆ ಕೇಳಿದ್ದ. ಕೂಲಿಯವರ ಸಾಲುಮನೆಗಳ ಲೈನಿಗೆ ಮಂಜೂರಾದ ನೀರಿನ ಟ್ಯಾಂಕು ದಿಲೀಪನ ತೋಟದ ಗೇಟಿನ ಹತ್ತಿರ ಏಕೆ ನಿಂತಿತು ಎಂದು. ದಿಲೀಪ್ ಎದ್ದು, ತಾನು ಕೂತಿದ್ದ ಕಬ್ಬಿಣದ ಕುರ್ಚಿಯನ್ನೇ ಮಡಚಿ ಎತ್ತಿ ಬೀಸಿದ. ಬೊಮ್ಮಯ್ಯ ಕೈ ಅಡ್ಡ ಹಿಡಿದ; ಹಸಿ ಕೊಂಬೆ ಸೀಳಿದ ಹಾಗೆ ಸದ್ದಾಯಿತು. ಎರಡನೆಯ ಏಟು ಬೆನ್ನಿಗೆ, ಮೂರನೆಯದು ಬಿದ್ದವನ ಸೊಂಟಕ್ಕೆ. ಅಧ್ಯಕ್ಷೆ ವಸಂತಮ್ಮ ಮೇಜಿನ ಮೇಲಿದ್ದ ಹಿತ್ತಾಳೆ ಗಂಟೆಯನ್ನು ಬಾರಿಸುತ್ತಲೇ ಇದ್ದಳು. ಯಾರೂ ಕಿವಿಗೊಡಲಿಲ್ಲ.

ದಿಲೀಪ್ ಅವಳ ಗಂಡನ ತಮ್ಮ. ಪಂಚಾಯ್ತಿಯ ಹೊಸ ಕಾಯಿದೆ ಬಂದು, ಕೆಂಪಿನಹಡ್ಲಿನ ಅಧ್ಯಕ್ಷಗಿರಿ ಹೆಂಗಸರಿಗೆ ಮೀಸಲಾದಾಗ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದವನೂ ಅವನೇ. ಪೇಟೆಯ ಆಸ್ಪತ್ರೆಯಲ್ಲಿ, ಬೊಮ್ಮಯ್ಯ ಕಾಫಿ ಕಣದಲ್ಲಿ ಜಾರಿ ಬಿದ್ದ ಎಂದು ಹೇಳಿ ಬರೆಸಿದ್ದು ವಸಂತಮ್ಮ. ವಾರ ಬಿಟ್ಟು ಲೈನಿಗೆ ನೋಡಲು ಹೋದರೆ ಬೊಮ್ಮಯ್ಯ ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು, "ಹೊಡೀಬಾರ್ದು ಅಂತ ಬುಕ್ಕಲ್ಲಿ ಬರೀರಮ್ಮ. ಇಲ್ದಿದ್ರೆ ನಾನೂ ಬರಲ್ಲ, ಲೈನಿನೋರ್ ಯಾರೂ ಬರಲ್ಲ. ನೀವ್ ನೀವೇ ಕೂತ್ಕಂಡು ನಡೆಸ್ಕಳಿ" ಎಂದಿದ್ದ.

ಒಟ್ಟು ಒಂಬತ್ತು ಜನ. ದಿಲೀಪನ ಎದುರಿಗೆ ಕೈ ಎತ್ತಿ ಮತ ಹಾಕುವ ಧೈರ್ಯ ಅವರಲ್ಲಿ ಹಲವರಿಗಿಲ್ಲ. ನಾಲ್ವರಿಗೆ ಬರೆಯಲು ಬಾರದು. ಅದಕ್ಕೆ ಕಡೂರು ಕಡೆಯ ಕಲ್ಲೇಶ್ ಒಂದು ಉಪಾಯ ಹುಡುಕಿದ್ದ. ಪ್ರತಿಯೊಬ್ಬರಿಗೂ ಸಿಪ್ಪೆ ಸುಲಿದು ಒಣಗಿಸಿದ ಒಂದು ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟು, ಮತ್ತು ಸಿಪ್ಪೆ ಸಮೇತ ಒಣಗಿದ ಒಂದು ಕಾಫಿ ಹಣ್ಣು, ಅಂದರೆ ಚೆರಿ, ಕೊಡುವುದು. ನಿಯಮ ಬೇಕೆನ್ನುವವರು ಪಾರ್ಚ್‌ಮೆಂಟು ಹಾಕಬೇಕು, ಬೇಡವೆನ್ನುವವರು ಚೆರಿ. ಮೂಲೆಯಲ್ಲಿ ಎಣ್ಣೆಯ ಖಾಲಿ ತಗಡಿನ ಡಬ್ಬ ಇಟ್ಟು, ಅದರ ಸುತ್ತ ಹಾಸಿಗೆಯ ಬಟ್ಟೆ ಕಟ್ಟಿ ಮರೆ ಮಾಡಿದ್ದ.

ಅಂಗಡಿ ಮಲ್ಲಿಕಾರ್ಜುನಪ್ಪ ಮೊದಲು ಹೋಗಿ ಡೊಬ್ಬೆಂದು ಹಾಕಿ ಬಂದರು. ಆಮೇಲೆ ಹುಚ್ಚಮ್ಮ ಎದ್ದಳು. ದಿಲೀಪನ ತೋಟದಲ್ಲಿ ಕೆಲಸ, ದಿಲೀಪನ ಲೈನಿನಲ್ಲಿ ವಾಸ, ಐವತ್ತು ದಾಟಿದ ಒಂಟಿ ಹೆಂಗಸು. ಬಟ್ಟೆಯ ಹಿಂದೆ ಅವಳು ತುಸು ಹೊತ್ತು ನಿಂತಳು.

ಟಿಣ್ ಎಂದಿತು.

ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದ ದಿಲೀಪ್ ಒಂದೇ ಕಣ್ಣು ತೆರೆದ. "ಹುಚ್ಚೀ," ಎಂದ ಮೆಲ್ಲಗೆ. "ನಿನ್ ಮನೆ ಹಂಚು ಹಳೇದಾಗಿದೆ ಅಲ್ವೇನೇ? ಇವತ್ತು ಇಳಿಸಿಬಿಡಣ. ಬೆನ್ನಿಗೂ ಒಂಚೂರು ಬಿಸಿಲು ತಾಗಲಿ."

ಹುಚ್ಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ನಿಂತಳು.

ವಸಂತಮ್ಮನಿಗೆ ಆಗ ಅರ್ಥವಾಯಿತು. ಪಾರ್ಚ್‌ಮೆಂಟು ತಗಡಿಗೆ ಬಿದ್ದರೆ ಕಂಚಿನ ಹಾಗೆ ಸದ್ದು ಮಾಡುತ್ತದೆ. ಚೆರಿ ಡೊಬ್ಬೆಂದು ಬಿದ್ದು ಹೊರಳುತ್ತದೆ. ಕಣದಲ್ಲಿ ಆಡಿ ಬೆಳೆದವರಿಗೆ ಅದನ್ನು ತಿಳಿಯಲು ಕಣ್ಣು ಬೇಡ. ಬಯಲುಸೀಮೆಯ ಕಲ್ಲೇಶನಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ಅವಳಿಗೆ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ.

ಮೂರನೆಯವನು ಬಟ್ಟೆಯ ಹತ್ತಿರ ಹೋಗುತ್ತಿದ್ದಂತೆ ಅವಳು ಗಂಟೆ ಎತ್ತಿಕೊಂಡು ಬಾರಿಸತೊಡಗಿದಳು.

"ಅತ್ತಿಗೆ, ಇದೇನಿದು? ಗಲಾಟೆ ಯಾರು ಮಾಡಿದ್ರು?"

"ಓಟು ಹಾಕುವಾಗ ಅಧ್ಯಕ್ಷರು ಗಂಟೆ ಬಾರಿಸ್ತಾರೆ."

"ಹಂಗಂತ ಯಾವ ರೂಲಲ್ಲಿದೆ?"

"ಬಾರಿಸಬಾರ್ದು ಅಂತ ಯಾವ ರೂಲಲ್ಲಿದೆ?"

ಒಂದು ಕೈ ಸೋತಾಗ ಇನ್ನೊಂದು ಕೈಗೆ ಬದಲಿಸಿ ಬಾರಿಸಿದಳು. ಎಡಗೈಯಲ್ಲಿ ಬೀಜ ಹಿಡಿದು ಬೊಮ್ಮಯ್ಯ ಹೋಗಿ ಬಂದ. ಕೊನೆಗೆ ಗಂಟೆ ಬಾರಿಸುತ್ತಲೇ ತಾನೂ ಹೋಗಿ ಹಾಕಿದಳು. ಡಬ್ಬ ಮಗುಚಿದಾಗ ಐದು ಪಾರ್ಚ್‌ಮೆಂಟು, ನಾಲ್ಕು ಚೆರಿ ಬಿದ್ದವು.

ದಿಲೀಪ್ ಎದ್ದು ಅಂಗಿ ಕೊಡವಿಕೊಂಡ. "ಪಾಸಾಯ್ತಲ್ಲ, ಸಂತೋಷ. ಅತ್ತಿಗೆ, ಬೊಮ್ಮಯ್ಯ ಬಿಟ್ರೆ ಇನ್ನಿಬ್ಬರ ಹೆಸರು ನಂಗೆ ಸಿಗ್ಲಿಲ್ಲ. ಪರ್ವಾಗಿಲ್ಲ, ಒಬ್ಳು ಸಾಕು." ಹುಚ್ಚಮ್ಮನ ಮುಂದೆ ಹಾದು ಹೋಗುವಾಗ ನಿಂತು ಅವಳನ್ನು ಕಾಲಿಂದ ತಲೆಯವರೆಗೆ ನೋಡಿದ. ಹೊರಗೆ ಅವನ ಜೀಪು ಲೈನಿನ ಕಡೆಗೆ ಇಳಿಯಿತು.

"ಮೇಡಂ, ಸಭೆ ಮುಕ್ತಾಯ ಅಂತ ಬರೀಲ?" ಕಲ್ಲೇಶ್ ಕೇಳಿದ.

"ಬೇಡ," ಎಂದಳು ವಸಂತಮ್ಮ. "ಸಭೆ ಇದೇ ಕಟ್ಟಡದಲ್ಲಿ ಆಗ್ಬೇಕು ಅಂತ ನೀವು ಬರೆದ ನಿಯಮದಲ್ಲಿ ಎಲ್ಲಾದ್ರೂ ಇದೆಯ?"

ಅವನು ಹಾಳೆ ತಿರುವಿದ. ಮತ್ತೊಮ್ಮೆ ತಿರುವಿದ. "ಇಲ್ಲ ಮೇಡಂ."

"ಹಂಗಾರೆ ಪುಸ್ತಕ ತಗಳಿ. ಉಳಿದ ವಿಷಯ ಹುಚ್ಚಮ್ಮನ ಮನೆ ಮುಂದೆ. ಎಲ್ರೂ ಏಳಿ. ನಾನು ಮುಗೀತು ಅನ್ನೋವರೆಗೂ ಸಭೆ ಮುಗಿಯಲ್ಲ."

"ನಂಗೆ ಅಂಗಡಿ ತೆಗೀಬೇಕಲ್ಲಮ್ಮ," ಎಂದರು ಮಲ್ಲಿಕಾರ್ಜುನಪ್ಪ.

"ಎದ್ದು ಹೋದವರ ಹೆಸರನ್ನೂ ಬರೀತಾರೆ, ನೋಡಿ."

ಅವರು ಗೊಣಗುತ್ತಾ ಚಪ್ಪಲಿ ಮೆಟ್ಟಿದರು.

ತೋಟದೊಳಗಿನ ಕಾಲುದಾರಿಯಲ್ಲಿ ಎಂಟು ಮಂದಿ ಸದಸ್ಯರೂ ಕಾರ್ಯದರ್ಶಿಯೂ ಸಾಲಾಗಿ ನಡೆದರು. ಹಂಚು ಒಡೆಯುವ ಸದ್ದು ಅರ್ಧ ದಾರಿಯಲ್ಲೇ ಕೇಳಿತು.

ದಿಲೀಪನ ತೋಟದ ಮೇಸ್ತ್ರಿ ಬೆಳ್ಳಿಯಪ್ಪ ಮಾಡಿನ ಮೇಲೆ ಕೂತು ಒಂದೊಂದೇ ಹಂಚು ಕಿತ್ತು ಕೆಳಗೆ ಎಸೆಯುತ್ತಿದ್ದ. ಹುಚ್ಚಮ್ಮನ ಕಂಬಳಿ, ಮಡಕೆ, ಅಕ್ಕಿಯ ಚೀಲ ಅಂಗಳದಲ್ಲಿ ಬಿದ್ದಿದ್ದವು. ಚೀಲ ಹರಿದು ಅಕ್ಕಿ ಮಣ್ಣಿನಲ್ಲಿ ಚೆಲ್ಲಿತ್ತು. ಲೈನಿನ ಹೆಂಗಸರು ಬಾಗಿಲುಗಳ ಹಿಂದೆ ನಿಂತಿದ್ದರು. ದಿಲೀಪನ ಕೈಯಲ್ಲಿ ಒಂದು ಹಂಚಿತ್ತು.

"ಮುಗೀತಾ ಅತ್ತಿಗೆ, ನಿಮ್ಮ ಪಾರ್ಲಿಮೆಂಟು?"

"ಇಲ್ಲ. ನಡೀತಿದೆ."

"ಇಲ್ಲಾ?" ಅವನಿಗೆ ನಿಜವಾಗಿಯೂ ನಗು ಬಂತು. "ನಮ್ಮ ಅಣ್ಣ ನಿಮ್ಮನ್ನ ಅತಿ ಸಡಿಲ ಬಿಟ್ಟ." ನಗುತ್ತಲೇ ದಾಪುಗಾಲಿನಲ್ಲಿ ಬಂದು ಹುಚ್ಚಮ್ಮನ ತುರುಬಿಗೆ ಕೈ ಹಾಕಿ ಎಳೆದ. ಅವಳು ಮಂಡಿಯೂರಿ ಬಿದ್ದಳು. ಹಂಚು ಹಿಡಿದ ಕೈ ಮೇಲೇರಿತು. ಅದು ಇಳಿಯುವಷ್ಟರಲ್ಲಿ ನಡುವೆ ವಸಂತಮ್ಮ ಬಂದಿದ್ದಳು.

ಹಂಚು ಅವಳ ಹುಬ್ಬಿನ ಮೇಲೆ ಬಿದ್ದು ಎರಡು ಹೋಳಾಯಿತು. ಅವಳು ಕೂತುಬಿಟ್ಟಳು. ರಕ್ತ ಒಂದು ಕಣ್ಣನ್ನು ಮುಚ್ಚಿ ಗಲ್ಲದಿಂದ ಸೀರೆಗೆ ತೊಟ್ಟಿಕ್ಕಿತು.

"ಕಲ್ಲೇಶ್," ಎಂದಳು. "ಗಂಟೆ ಎಷ್ಟು?"

"ಎರಡೂ ಮುಕ್ಕಾಲು ಮೇಡಂ."

"ಬರ್ಕಳಿ. ಸಭೆ ನಡೀತಿರುವಾಗ, ಎರಡೂ ಮುಕ್ಕಾಲಿಗೆ."

ಕಲ್ಲೇಶ್ ನಿಂತಲ್ಲೇ ಪುಸ್ತಕ ಬಿಡಿಸಿ ಪೆನ್ನು ತೆಗೆದ. "ಹೆಸರು... ಏನಂತ ಹಾಕ್ಲಿ ಮೇಡಂ?"

"ಯಾಕೆ, ನಿಮ್ಗೆ ಹೆಸರು ಗೊತ್ತಿಲ್ವ?"

ಪುಸ್ತಕ ಅಲುಗದಂತೆ ಬೊಮ್ಮಯ್ಯ ತನ್ನ ಪ್ಲಾಸ್ಟರಿನ ಕೈಯನ್ನು ಅದರ ಅಡಿಗೆ ಕೊಟ್ಟ. ಕಲ್ಲೇಶ್ ಬರೆದ. ಮಲ್ಲಿಕಾರ್ಜುನಪ್ಪ ಪಂಚೆ ಎತ್ತಿಕೊಂಡು, ಒಡೆದ ಹಂಚುಗಳನ್ನು ಕಾಲಿನಿಂದ ಸರಿಸಿ, ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಅವರನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಕೂತರು.

ದಿಲೀಪ್ ಕೈಯಲ್ಲಿ ಉಳಿದಿದ್ದ ಹಂಚಿನ ಚೂರನ್ನು ನೋಡಿದ. "ಬೆಳ್ಳಿಯಪ್ಪ, ಯಾಕೋ ನಿಂತೆ? ಕೀಳೋ," ಎಂದ. ಬೆಳ್ಳಿಯಪ್ಪ ಕೀಳಲಿಲ್ಲ.

"ಮುಂದಿನ ವಿಷಯ ಓದಿ," ಎಂದಳು ವಸಂತಮ್ಮ.

ಹುಚ್ಚಮ್ಮ ಕೂದಲು ಕಟ್ಟಿಕೊಂಡು ಎದ್ದಳು. ಒಡೆಯದೆ ಉಳಿದಿದ್ದ ಒಂದು ಪಾತ್ರೆಯನ್ನು ಎತ್ತಿಕೊಂಡು, ಗಾಯ ತೊಳೆಯಲು ನೀರು ಕಾಯಿಸುವುದಕ್ಕೆ ಒಳಗೆ ಹೋಗಿ ಒಲೆ ಊದಿದಳು. ಹೊಗೆ ಮಾಡಿನ ತೂತಿನಿಂದ ನೆಟ್ಟಗೆ ಮೇಲೆದ್ದು ಬೆಳ್ಳಿಯಪ್ಪನ ಮುಖಕ್ಕೆ ಬಡಿಯಿತು. ಅವನು ಕಣ್ಣೊರೆಸಿಕೊಂಡ. ಕಿತ್ತಿದ್ದ ಹಂಚನ್ನು ಎಲ್ಲಿಡುವುದೆಂದು ತಿಳಿಯದೆ ಎದೆಗೆ ಅವುಚಿಕೊಂಡು ತೊಲೆಯ ಮೇಲೆ ಹಾಗೇ ಕೂತ.