ಕೈಯೆತ್ತು ತುಂಡು

ನನ್ನ ತಮ್ಮನ ಹೊಸ ವಿಡಿಯೊ ನೋಡಿದ್ದು ಬುಧವಾರ ಬೆಳಿಗ್ಗೆ, ಮಗಳ ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದೆ. ಅವನ ವಿಡಿಯೊಗಳನ್ನು ನಾನು ಒಂದೂ ಬಿಡದೆ ನೋಡುತ್ತೇನೆ. ಆನ್‌ಲೈನ್ ಆಟಗಳ ಬಗ್ಗೆ ಅವನು ಹೇಳುವುದರಲ್ಲಿ ಅರ್ಧ ನನಗೆ ತಲೆಗೆ ಹತ್ತುವುದಿಲ್ಲ, ಆದರೂ ತಮ್ಮನಲ್ಲವೇ.

"ಸ್ನೇಹಿತರೇ, ಟ್ರೇಲರ್‌ನ ಮೂರು ದಿನ ನಿಲ್ಲಿಸಿ ನಿಲ್ಲಿಸಿ ನೋಡಿದೀನಿ. ಯಾರ ಕಣ್ಣಿಗೂ ಬೀಳದ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಈ ಕತ್ತಿ ಹಿಡಿದಿರೋ ಹೆಂಗಸಿನ ಎಡ ಕಂಕುಳು ನೋಡಿ. ಅಲ್ಲೊಂದು ಕೈಯೆತ್ತು ತುಂಡು ಇದೆ!"

ನನ್ನ ಕೈ ಅಲ್ಲೇ ನಿಂತಿತು. ಇಸ್ತ್ರಿಪೆಟ್ಟಿಗೆಯೂ ನಿಂತಿತು. ಇಪ್ಪತ್ತು ವರ್ಷದಿಂದ ಬಟ್ಟೆಯ ಜೊತೆಗೇ ಬದುಕಿದವಳು ನಾನು. ಒಂದು ಕಾಲರು ಸುಟ್ಟದ್ದು ಅದೇ ಮೊದಲು.

ಕೈಯೆತ್ತು ತುಂಡು ಎನ್ನುವ ಮಾತು ಯಾವ ಹೊಲಿಗೆ ಪುಸ್ತಕದಲ್ಲೂ ಇಲ್ಲ. ನಾನು ಕೆಲಸ ಮಾಡುವ ಅಂಗಡಿಯ ಯಜಮಾನರು ತಾವೇ ಇಟ್ಟುಕೊಂಡ ಹೆಸರು ಅದು. ಕುಣಿಯುವವರಿಗೆ ಬಟ್ಟೆ ಹೊಲಿಯುವಾಗ ಕಂಕುಳಲ್ಲಿ ಅಂಗೈಯಗಲದ ಚೌಕ ಬಟ್ಟೆಯೊಂದನ್ನು ಮೂಲೆ ಮೇಲಾಗಿ ಸೇರಿಸುತ್ತೇವೆ. ಆಗ ಕೈಯನ್ನು ಎಷ್ಟು ಎತ್ತಿದರೂ ಅಂಗಿ ಸೊಂಟದಿಂದ ಮೇಲೇಳುವುದಿಲ್ಲ, ಹೊಲಿಗೆ ಬಿಡುವುದಿಲ್ಲ. ಬೇರೆ ಅಂಗಡಿಯವರು ಅದಕ್ಕೆ ಬೇರೇನೋ ಅನ್ನುತ್ತಾರೆ. ನಾವಿಟ್ಟ ಈ ಹೆಸರು ಗೊತ್ತಿದ್ದದ್ದು ಅಂಗಡಿಯ ನಾಲ್ವರಿಗೆ ಮತ್ತು ನನ್ನ ಮಗಳಿಗೆ.

ಮಗಳಿಗೆ ಹದಿನೈದು. ಈ ವರ್ಷದ ಕೊನೆಗೆ ಬರಲಿರುವ ಆಟವೊಂದರ ಮೇಲೆ ಅವಳಿಗೆ ಪ್ರಾಣ. ಸಾವಿರಾರು ಜನ ಒಟ್ಟಿಗೆ ಆಡುವ ಆಟ. ಆಡುವವರು ಮೊದಲೇ ಒಂದು ಕ್ಲಾಸ್ ಆರಿಸಿಕೊಳ್ಳಬೇಕು: ಮುಂದೆ ನಿಂತು ಕತ್ತಿ ಬೀಸುವವರು, ದೂರದಿಂದ ಮಂತ್ರ ಹಾಕುವವರು, ಹಿಂದೆ ನಿಂತು ಗಾಯ ವಾಸಿಮಾಡುವವರು. ಇವುಗಳ ಜೊತೆ ಒಂದು ಬೆರಕೆ ಕ್ಲಾಸ್ ಬರುತ್ತದೆಂದು ಕಂಪನಿಯವರು ಹೇಳಿ, ನಲವತ್ತು ಸೆಕೆಂಡಿನ ಟ್ರೇಲರ್ ಬಿಟ್ಟು ಸುಮ್ಮನಾಗಿದ್ದರು. ಅದರಲ್ಲಿ ಒಬ್ಬ ಹೆಂಗಸು, ಬಲಗೈಯಲ್ಲಿ ಗಿಡ್ಡ ಕತ್ತಿ, ಕೊನೆಗೆ ಒಂದು ಬಿಳಿ ಬೆಳಕು. ಅಷ್ಟೇ. ಅವಳು ಮಂತ್ರ ಬಲ್ಲ ಕತ್ತಿಯಾಳೋ, ಕತ್ತಿ ಹಿಡಿದ ವೈದ್ಯೆಯೋ ಎಂದು ಆಟಗಾರರ ಆನ್‌ಲೈನ್ ವೇದಿಕೆಯಲ್ಲಿ ಜನ ಒಬ್ಬರ ಜುಟ್ಟು ಒಬ್ಬರು ಹಿಡಿದಿದ್ದರು. ಕಂಪನಿ ಇನ್ನೊಂದು ಮಾತು ಹೇಳಿತ್ತು. ಶುಕ್ರವಾರದೊಳಗೆ ಯಾರು ತಮ್ಮ ಊಹೆಯನ್ನು ಚೆನ್ನಾಗಿ ಬರೆದು ವೇದಿಕೆಯಲ್ಲಿ ಹಾಕುತ್ತಾರೋ, ಅಥವಾ ವಿಡಿಯೊ ಮಾಡುತ್ತಾರೋ, ಅವರಲ್ಲಿ ಹನ್ನೆರಡು ಜನರಿಗೆ ಆ ಕ್ಲಾಸನ್ನು ಒಂದು ತಿಂಗಳು ಮೊದಲೇ ಆಡಿ ನೋಡುವ ಅವಕಾಶ.

ಮಗಳಿಗೆ ಆ ಹನ್ನೆರಡರಲ್ಲಿ ಒಂದು ಬೇಕಿತ್ತು. ಬೇರೆ ಯಾವುದನ್ನೂ ಅವಳು ಅಷ್ಟು ಬಯಸಿದ್ದನ್ನು ನಾನು ಕಂಡಿಲ್ಲ. ಇಷ್ಟು ದಿನ ಎಲ್ಲ ಆಟದಲ್ಲೂ ಅವಳದು ಹಿಂದೆ ನಿಂತು ವಾಸಿಮಾಡುವ ಪಾತ್ರ. ಗೆದ್ದರೆ ಮುಂದಿದ್ದವರಿಗೆ ಜೈಕಾರ, ಸೋತರೆ ಇವಳಿಗೆ ಬೈಗುಳ. "ಈ ಕ್ಲಾಸಲ್ಲಿ ನಾನು ಮುಂದೇನೇ ನಿಲ್ಲಬಹುದು ಅಮ್ಮಾ. ಕತ್ತಿ ಏಟು ಬಿದ್ರೆ ಮಾತ್ರ ಮದ್ದು ಹುಟ್ಟುತ್ತೆ. ಹಿಂದೆ ಅಡಗಿ ಕೂತರೆ ಒಂದು ಹನಿನೂ ಇಲ್ಲ" ಎನ್ನುತ್ತಿದ್ದಳು. ಮೂರನೇ ಏಟು ತಗುಲಿದ ಮೇಲೆಯೇ ಬೆಳಕು ಬರುವುದನ್ನು ಅವಳು ಚಿತ್ರ ನಿಲ್ಲಿಸಿ ಹಿಡಿದಿದ್ದಳು. ಆದರೆ ಆ ಬೆಳಕು ಎಲ್ಲಿಂದ ಬರುತ್ತದೆ ಎನ್ನುವುದು ತಿಳಿಯುತ್ತಿರಲಿಲ್ಲ.

ಒಂದು ಸಂಜೆ ನಾನು ಗುಂಡಿ ಹೊಲಿಯುತ್ತಾ ಕೂತಿದ್ದಾಗ ಟ್ಯಾಬನ್ನು ನನ್ನ ಮೂಗಿನ ಮುಂದೆ ಹಿಡಿದಳು. ನಾನು ನೋಡಿದ್ದು ಕತ್ತಿಯನ್ನಲ್ಲ, ಅಂಗಿಯನ್ನು.

"ಬಲತೋಳು ಬಿಗಿಯಾಗಿದೆ. ಎಡತೋಳಿಗೆ ಕೈಯೆತ್ತು ತುಂಡು ಇಟ್ಟಿದಾರಲ್ಲೇ" ಅಂದೆ. "ಒಂದೇ ಕಡೆ ಯಾಕೆ ಇಟ್ರೋ. ಇವಳು ಎಡಗೈನ ತಲೆ ಮೇಲೆ ಎತ್ತೋಳು."

ಅವಳು ಕಿರುಚಿದ ರಭಸಕ್ಕೆ ಸೂಜಿ ನನ್ನ ಬೆರಳಿಗೆ ಚುಚ್ಚಿತು. ಮೂರು ಏಟು ಬಲಗೈಯಲ್ಲಿ, ಆಮೇಲೆ ಎಡಗೈ ಮೇಲಕ್ಕೆ, ಸುತ್ತಲಿದ್ದವರಿಗೆಲ್ಲ ಮದ್ದು! ಆರು ಪುಟ ಬರೆದಳು. "ಹೀಗಂದದ್ದು ನನ್ನಮ್ಮ, ಬಟ್ಟೆ ಹೊಲಿಯುತ್ತಾರೆ" ಎಂದು ನನ್ನನ್ನೂ ಅದರಲ್ಲಿ ಸೇರಿಸಿದಳು. ಶುಕ್ರವಾರದವರೆಗೆ ಯಾರಿಗೂ ತೋರಿಸಬೇಡ ಎಂದಳು.

ಸೋಮವಾರ ನಾನು ಆ ಆರು ಪುಟದ ಫೋಟೊ ತೆಗೆದು ತಮ್ಮನಿಗೆ ಕಳಿಸಿದೆ. ನಿನ್ನ ಸೊಸೆ ಎಷ್ಟು ಚೆನ್ನಾಗಿ ಬರೆದಿದ್ದಾಳೆ ನೋಡೋ, ಎಂದು. ಹೆಮ್ಮೆ ತಡೆಯಲಾಗಲಿಲ್ಲ. ತಪ್ಪು ಅಲ್ಲಿಂದ ಶುರುವಾಯಿತು, ಅದು ನನ್ನದೇ.

ಸುಟ್ಟ ಅಂಗಿಯನ್ನು ಬದಿಗಿಟ್ಟು ಅವನಿಗೆ ಫೋನ್ ಮಾಡಿದೆ.

"ಅಕ್ಕಾ, ನೋಡಿದ್ಯಾ? ನಲವತ್ತು ಸಾವಿರ ಜನ ನೋಡಿದಾರೆ!"

"ಅದು ಅವಳು ಬರೆದದ್ದು ಕಣೋ."

"ಬರೀ ಊಹೆ ಅಕ್ಕಾ ಅದು. ಊಹೆಗೆಲ್ಲ ಯಜಮಾನ ಇರ್ತಾನಾ? ಅವಳು ಹಾಕಿದ್ರೆ ಹತ್ತು ಜನ ಓದ್ತಿದ್ರು. ಈಗ ನೋಡು, ಎಲ್ಲ ಕಡೆ ಅವಳ ಮಾತೇ."

"ಅವಳ ಮಾತು, ನಿನ್ನ ಮುಖ."

"ಅಯ್ಯೋ, ನಾನೇನು ಹೊರಗಿನವನಾ?" ನಕ್ಕ. ನಕ್ಕನಲ್ಲ, ಅದೇ ನನ್ನ ಹೊಟ್ಟೆಗೆ ಬೆಂಕಿ ಇಟ್ಟದ್ದು.

ಸಂಜೆ ಮಗಳು ವಿಡಿಯೊ ನೋಡಿದಳು. ಅಳಲಿಲ್ಲ. ಬ್ಯಾಗನ್ನು ಕೆಳಗಿಳಿಸದೆಯೇ ಕೇಳಿದಳು:

"ನೀನು ಕಳಿಸಿದ್ಯಾ?"

"ಹೂಂ."

"ಯಾರಿಗೂ ಬೇಡ ಅಂದಿದ್ದೆ."

"ಮಾಮ ಅಲ್ವಾ ಅಂತ…"

"ಯಾರಿಗೂ ಅಂದ್ರೆ ಮಾಮನಿಗೂ ಅಂತಾನೇ."

ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಶುಕ್ರವಾರ ಅವಳು ತನ್ನ ಆರು ಪುಟವನ್ನು ಹಾಕಿಯೇ ಹಾಕಿದಳು, 'ಮೊಂಡುಕತ್ತಿ' ಎಂಬ ತನ್ನ ಅಡ್ಡಹೆಸರಿನಲ್ಲಿ. ಒಂದು ಗಂಟೆಯೊಳಗೆ ನೂರು ಜನ ಮೇಲೆ ಬಿದ್ದರು. ಕದ್ದ ಮಾಲು. ಕಾಪಿ ಹೊಡೆಯೋಕೂ ನಾಚಿಕೆ ಬೇಕು. ಅಮ್ಮನನ್ನೂ ಕಟ್ಟುಕಥೆ ಮಾಡಿ ಸೇರಿಸಿದ್ದಾಳೆ. ನಾನು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡ ನಾನು, ಕಟ್ಟುಕಥೆ! ವೇದಿಕೆ ನಡೆಸುವವರು ಅವಳ ಬರಹವನ್ನು ತೆಗೆದುಹಾಕಿದರು. ಶನಿವಾರ ಹನ್ನೆರಡು ಹೆಸರು ಬಂದವು. ಮೂರನೆಯದು ತಮ್ಮನದು.

ಅಂದು ನಮ್ಮಮ್ಮ ಫೋನ್ ಮಾಡಿದಳು. ಮಗನ ಹೆಸರು ಬಂದ ಸಂತೋಷ. ನಾನು ನಡೆದದ್ದನ್ನೆಲ್ಲ ಹೇಳಿದೆ.

"ಆಟದ ವಿಷಯಕ್ಕೆ ಒಡಹುಟ್ಟಿದವನ ಹತ್ರ ಜಗಳಾನಾ? ಅವನು ಮೊದಲೇ ದುಡುಕ. ನೀನು ತಾಳ್ಮೆ ಇರೋಳು, ಸುಧಾರಿಸ್ಕೊಂಡು ಹೋಗು" ಅಂದಳು.

"ತಾಳ್ಮೆ ನನ್ನದು ಕಣಮ್ಮ. ನನ್ನದೇನಿದ್ರೂ ತಗೊಂಡು ಹೋಗ್ಲಿ, ನಲವತ್ತು ವರ್ಷದಿಂದ ಕೊಟ್ಟಿಲ್ವಾ? ಅವಳದನ್ನ ಕೊಟ್ಟುಬಿಡೋಕೆ ನಾನ್ಯಾರು?"

"ಏನೇ ಹೀಗೆ ಮಾತಾಡ್ತೀಯ!"

"ಹೀಗೇ" ಅಂದು ಫೋನ್ ಇಟ್ಟೆ. ಅಮ್ಮನ ಮಾತಿನ ನಡುವೆ ನಾನು ಫೋನ್ ಇಟ್ಟದ್ದು ಅದೇ ಮೊದಲು. ಆ ವಾರ ಬರೀ ಮೊದಲುಗಳೇ.

ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಎರಡು ಬಸ್ಸು ಬದಲಿಸಿ ತಮ್ಮನ ಮನೆಗೆ ಹೋದೆ. ಮಗಳನ್ನು ಕರೆದೆ, ಬರಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮೆತ್ತಗೆ ಜೋಡಿಸಿಕೊಂಡೆ. ಬೈಯಬಾರದು. ನೀನೇ ಹೇಳಿಬಿಡೋ, ದೊಡ್ಡವನಾಗ್ತೀಯ, ಅನ್ನಬೇಕು. ಬಾಗಿಲು ತೆರೆದಾಗ ಅವನ ಕಿವಿಯ ಮೇಲೆ ಹೆಡ್‌ಫೋನ್ ಇತ್ತು.

"ಅಕ್ಕಾ, ಲೈವ್ ನಡೀತಿದೆ. ಅರ್ಧ ಗಂಟೆ. ಶ್!" ಎಂದು ತುಟಿಯ ಮೇಲೆ ಬೆರಳಿಟ್ಟು, ಒಳಗೆ ಹೋಗಿ ತನ್ನ ದೊಡ್ಡ ಕುರ್ಚಿಯಲ್ಲಿ ಕೂತ. ಗೋಡೆಗೆಲ್ಲ ಕಪ್ಪು ಸ್ಪಂಜು, ಮುಖದ ಮುಂದೆ ಬಳೆಯಂಥ ದೀಪ. ನಾನು ಮೂಲೆಯ ಮಂಚದ ಮೇಲೆ ಕೈಚೀಲ ಮಡಿಲಲ್ಲಿಟ್ಟು ಕೂತೆ. ಬಂದ ಪ್ರಶ್ನೆಯನ್ನೆಲ್ಲ ಅವನು ಗಟ್ಟಿಯಾಗಿ ಓದಿಯೇ ಉತ್ತರಿಸುವುದು.

"ಇಲ್ಲೊಬ್ರು ಕೇಳ್ತಿದಾರೆ: 'ನಾನೂ ಹೊಲಿಗೆ ಮಾಡ್ತೀನಿ. ಕೈಯೆತ್ತು ತುಂಡು ಅನ್ನೋ ಹೆಸರು ಕೇಳೇ ಇಲ್ಲ. ಹಾಗಂದ್ರೇನು? ಎಡಗಡೆ ಮಾತ್ರ ಯಾಕೆ?' ಒಳ್ಳೇ ಪ್ರಶ್ನೆ! ಒಳ್ಳೇ ಪ್ರಶ್ನೆ. ಅದು ಏನಪ್ಪಾ ಅಂದ್ರೆ…" ಕತ್ತು ಕೆರೆದುಕೊಂಡ. "ಅದೊಂಥರ ಕವಚ. ಕಂಕುಳಿಗೆ ಬಾಣ ತಗಲದ ಹಾಗೆ."

ಅವನು ಪುಟಗಳನ್ನು ಪೂರ್ತಿ ಓದಿಯೂ ಇರಲಿಲ್ಲ! ನಾಲ್ಕನೇ ಪುಟದಲ್ಲಿ ಎಲ್ಲ ಬಿಡಿಸಿ ಬರೆದಿದ್ದಳು ನನ್ನ ಮಗಳು, ಚಿತ್ರ ಸಮೇತ. ಕದಿಯುವವನಿಗೆ ಓದುವಷ್ಟು ಮರ್ಯಾದೆಯೂ ಬೇಡವೇ? ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮೆತ್ತನೆ ಮಾತೆಲ್ಲ ಎಲ್ಲಿ ಹೋಯಿತೋ. ಎದ್ದೆ.

"ಬಾಣ ತಗಲದ ಹಾಗಂತೆ! ಬಟ್ಟೆ ಚೂರು ಬಾಣ ತಡೆಯುತ್ತೇನೋ, ಮುಠ್ಠಾಳ?"

"ಅಕ್ಕಾ!" ಅವನ ಕೈ ಕೀಬೋರ್ಡಿಗೆ ಹೋಯಿತು.

"ಮುಟ್ಟಬೇಡ ಅದನ್ನ."

ಆ ದನಿ ನನ್ನದೇ ಎಂದು ನನಗೂ ನಂಬಲಾಗಲಿಲ್ಲ. ಅವನ ಕೈ ಹಾಗೇ ನಿಂತಿತು. ದೀಪದ ಮುಂದೆ ಹೋಗಿ ಬಗ್ಗಿದೆ. ತೆರೆಯ ಮೇಲೆ ನನ್ನ ಕೆದರಿದ ತಲೆ ಕಂಡಿತು, ಕಂಡರೆ ಕಾಣಲಿ.

"ಹೊಲಿಗೆಯವರೇ, ಅದು ನಮ್ಮ ಅಂಗಡಿಯ ಮಾತು, ನಿಮಗೆ ಗೊತ್ತಿರಲ್ಲ. ಕೈ ಮೇಲೆತ್ತೋಕೆ ಕಂಕುಳಲ್ಲಿ ಕೊಡೋ ಚೌಕದ ತುಂಡು. ಒಂದೇ ಕಡೆ ಇದೆ ಅಂದ್ರೆ ಆ ಹೆಂಗಸು ಎತ್ತೋದು ಎಡಗೈ ಮಾತ್ರ. ಇದನ್ನೆಲ್ಲ ಬರೆದದ್ದು ಮೊಂಡುಕತ್ತಿ. ನೀವೆಲ್ಲ ಕಳ್ಳಿ ಅಂದ್ರಲ್ಲ, ಅವಳು. ನನ್ನ ಮಗಳು. ಕಟ್ಟುಕಥೆ ಅಂದ್ರಲ್ಲ, ಆ ಅಮ್ಮ ನಾನು. ಇವನು ನನ್ನ ತಮ್ಮ. ಅವಳ ಪುಟ ನಾನು ಇವನಿಗೆ ಕಳಿಸಿದ್ದು ಸೋಮವಾರ, ಇವನು ಕದ್ದದ್ದು ಬುಧವಾರ. ಫೋನಲ್ಲಿ ತಾರೀಖು ಸಮೇತ ಇದೆ, ಯಾರಿಗೆ ಬೇಕಾದ್ರೂ ತೋರಿಸ್ತೀನಿ."

ತಮ್ಮ ವೈರು ಕಿತ್ತ. ದೀಪ ಆರಿತು.

"ಮಾನ ಕಳೆದೆಯಲ್ಲ ಅಕ್ಕಾ! ಮೂರು ವರ್ಷದಿಂದ ಕಟ್ಟಿದ್ದೆ ಇದನ್ನ!"

"ಅವಳದು ಆರು ಪುಟ. ಅದನ್ನೂ ಅವಳು ಕಟ್ಟಿದ್ದೇ."

"ಒಂದು ಮಾತು ಒಳಗೆ ಕರೆದು ಹೇಳಬಾರದಿತ್ತಾ?"

"ಬುಧವಾರ ಹೇಳಿದೆ. ನೀನು ನಕ್ಕುಬಿಟ್ಟೆ."

ಅವನ ಕಣ್ಣು ತುಂಬಿತು. ಚಿಕ್ಕವನಿದ್ದಾಗ ಬಿದ್ದು ಮೊಣಕಾಲು ತರಚಿಕೊಂಡರೆ ನನ್ನ ಹತ್ತಿರವೇ ಓಡಿಬರುತ್ತಿದ್ದ, ಇದೇ ಮುಖ ಹೊತ್ತು. ಅವನು ಅತ್ತರೆ ಕರಗುವವಳೇ ನಾನು. ಅಂದು ಕರಗಲಿಲ್ಲ. ಕರಗಿದ್ದರೆ ಎರಡು ಬಸ್ಸು ಹತ್ತಿ ಮನೆಗೆ ಹೋಗಿ ಆ ಹುಡುಗಿಗೆ ಯಾವ ಮುಖ ತೋರಿಸುತ್ತಿದ್ದೆ?

"ಕಂಪನಿಗೆ ಬರಿ. ಈಗಲೇ. ನಾನು ಇಲ್ಲೇ ಇರ್ತೀನಿ."

ಬರೆದ. 'ಇದು ನಾನು ಮತ್ತು ನನ್ನ ಸೊಸೆ ಸೇರಿ ಯೋಚಿಸಿದ್ದು' ಎಂದು ಮೊದಲು ಬರೆದ. ಅಳಿಸು ಅಂದೆ. 'ಅವಳ ಬರಹದಿಂದ ಸ್ಫೂರ್ತಿ ಪಡೆದು' ಎಂದ. ಅದನ್ನೂ ಅಳಿಸು ಅಂದೆ. ಮೂರನೇ ಸಲ ಸರಿಯಾಗಿ ಬರೆದ, ಕಳಿಸಿದ. ಅವನು ಕಳಿಸಿದ್ದನ್ನು ಕಣ್ಣಾರೆ ನೋಡಿ ಚಪ್ಪಲಿ ಮೆಟ್ಟಿದೆ.

ಮಂಗಳವಾರ ಕಂಪನಿಯ ಉತ್ತರ ಮಗಳಿಗೇ ಬಂತು. ತಮ್ಮನ ಹೆಸರು ತೆಗೆದಿದ್ದಾರೆ. ವೇದಿಕೆಯವರು ಅವಳ ಬರಹವನ್ನು ಮೊದಲಿದ್ದಲ್ಲೇ ಹಾಕಿ, ತಪ್ಪಾಯಿತೆಂದು ಮೇಲೊಂದು ಸಾಲು ಸೇರಿಸಿದ್ದಾರೆ. ಆದರೆ ಖಾಲಿಯಾದ ಜಾಗಕ್ಕೆ ಕಾಯುವ ಪಟ್ಟಿಯಲ್ಲಿದ್ದ ಇನ್ನೊಬ್ಬರನ್ನು ಆಗಲೇ ತೆಗೆದುಕೊಂಡಾಗಿದೆ. ನಿಯಮದ ಪ್ರಕಾರ ಈಗ ಏನೂ ಮಾಡಲಾಗದು, ವಿಷಾದವಿದೆ.

ಅವಳು ಎರಡು ಸಲ ಓದಿದಳು. ಹೋಗಲಿ ಬಿಡು ಕಂದ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಯಾಕೆ ಹೋಗಲಿ ಬಿಡಬೇಕು? ಸಿಗಬೇಕಾದ್ದು ಸಿಗಲಿಲ್ಲ. ಅನ್ಯಾಯವಾಯಿತು.

"ಅನ್ಯಾಯ" ಅಂದೆ.

"ಹೂಂ" ಅಂದಳು. ಒಂದು ವಾರದಲ್ಲಿ ನನ್ನ ಮಾತಿಗೆ ಅವಳು ಕೊಟ್ಟ ಮೊದಲ ಉತ್ತರ ಅದು.

ಗುರುವಾರ ಸಂಜೆ ತಮ್ಮನ ಫೋನ್ ಬಂತು. ಎಷ್ಟು ದಿನ ಅಂತ ಹೀಗೆ ಅಕ್ಕಾ, ನೀನಾದ್ರೂ ಅವಳಿಗೆ ಹೇಳು, ಎಂದ. ನಾನು ಹೇಳಲಿಲ್ಲ. ಫೋನನ್ನು ಅವಳ ಮೇಜಿನ ಮೇಲಿಟ್ಟೆ.

"ಮಾಮ. ಮಾತಾಡೋದು ಬಿಡೋದು ನಿನ್ನಿಷ್ಟ."

ಫೋನೆತ್ತಿ ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಕೇಳಿಸ್ತು ಮಾಮಾ. ನಂಗಿನ್ನೂ ಸಿಟ್ಟು ಇಳಿದಿಲ್ಲ. ಇಳಿದ ಮೇಲೆ ನಾನೇ ಮಾಡ್ತೀನಿ. ನೀನು ಮಾಡ್ಬೇಡ."

ಫೋನನ್ನು ನನ್ನ ಕೈಗೆ ಕೊಟ್ಟು, ಮುಖ ನೋಡದೆಯೇ ಅಂದಳು: "ನಿನ್ನ ಮೇಲೂ ಇದೆ."

"ಗೊತ್ತು."

"ಅವನ ಮೇಲಿರೋಷ್ಟಿಲ್ಲ."

"ಎಷ್ಟಿದೆಯೋ ಅಷ್ಟಿರಲಿ. ಅವಸರ ಏನಿಲ್ಲ."

ಒಳಗೆ ವಾಷಿಂಗ್ ಮಷಿನ್ ನಿಂತಿತ್ತು. ಒದ್ದೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ನಾನು ಮಹಡಿಗೆ ಹೋದೆ.